ಸಿಹಿಗೊಂದು ಖಾರದ ಜೊತೆ: ಬನ್ಸ್ ಉಬ್ಬುವ ಬಗೆ



ನರಸಿಂಹರಾಜಪುರ ತಾಲ್ಲೂಕಿನ ಸೀತೂರಿನ ಕಡೆ ಮುಂಗಾರಿನ ಗಾಳಿ ಬೀಸತೊಡಗಿತೆಂದರೆ ಅಡಿಕೆ ತೋಟದೊಳಗಿನ ಬಾಳೆಗೆ ಕಷ್ಟಕಾಲ. ಅಡಿಕೆ ಮರ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಗೊನೆ ಹೊತ್ತ ಬಾಳೆಗೆ ಆ ಶಕ್ತಿಯಿಲ್ಲ. ಒಂದು ರಾತ್ರಿಯ ಗಾಳಿಗೆ ನಾಲ್ಕಾರು ಬಾಳೆ ಸೊಂಟ ಮುರಿದುಕೊಂಡು ಕಪ್ಪಿನೊಳಗೆ ಬಿದ್ದಿರುತ್ತವೆ. ಬಲಿತ ಗೊನೆಗಳನ್ನು ಕಡಿದು ತಂದು ಅಟ್ಟದಲ್ಲಿ ತೂಗುಹಾಕುತ್ತೇವೆ. ನಾಲ್ಕೈದು ದಿನ ಸುಮ್ಮನಿದ್ದ ಗೊನೆ ಆಮೇಲೆ ಒಂದೇ ಸಲಕ್ಕೆ ಹಣ್ಣಾಗಿಬಿಡುತ್ತದೆ. ಒಂದು ಗೊನೆಯಲ್ಲಿ ನೂರಕ್ಕೂ ಹೆಚ್ಚು ಹಣ್ಣು. ಮನೆಯಲ್ಲಿ ತಿನ್ನುವ ಬಾಯಿ ಐದೋ ಆರೋ. ನೆಂಟರಿಗೆ, ನೆರೆಯವರಿಗೆ ಕೊಡೋಣವೆಂದರೆ ಅವರ ತೋಟದಲ್ಲೂ ಅದೇ ಗಾಳಿ ಬೀಸಿರುತ್ತದೆ! ಪೇಟೆಗೆ ಒಯ್ಯೋಣವೆಂದರೆ ಮಳೆಯಲ್ಲಿ ಕೇಳುವವರಿಲ್ಲ. ಸಿಪ್ಪೆ ಕಪ್ಪಾಗುತ್ತದೆ, ನೊಣ ಮುತ್ತುತ್ತದೆ, ಕೊನೆಗೆ ಹಣ್ಣು ದನದ ಬಾನಿಗೆ ಹೋಗುತ್ತದೆ.

ಹಳದಿ ಎಲೆ ರೋಗದಿಂದ ಅಡಿಕೆಯ ಆದಾಯ ಕುಸಿದ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ತೋಟಗಳಲ್ಲಿ ಒಂದು ಬಾಳೆಗೊನೆಯೂ ಹಗುರವಾಗಿ ಕಾಣುವ ವಸ್ತುವಲ್ಲ. ಅದನ್ನು ಉಳಿಸಿಕೊಳ್ಳಲು ನಮ್ಮ ಅಡುಗೆಮನೆಗಳಿಗೆ ಗೊತ್ತಿರುವ ರುಚಿಯಾದ ದಾರಿಯೆಂದರೆ ಬನ್ಸ್. ಇದನ್ನು ಮಾಡುವುದು ಸುಲಭವೆಂದು ಎಲ್ಲರೂ ಹೇಳುತ್ತಾರೆ. ಆದರೂ ಮೊದಲ ಸಲ ಮಾಡಿದವರಲ್ಲಿ ಹೆಚ್ಚಿನವರ ಬನ್ಸ್ ಒಂದೋ ಕಲ್ಲಾಗಿರುತ್ತದೆ, ಇಲ್ಲವೇ ಎಣ್ಣೆ ಕುಡಿದಿರುತ್ತದೆ. ಏಕೆ ಹೀಗಾಗುತ್ತದೆ? ಉಬ್ಬಿದ, ಹಗುರವಾದ ಬನ್ಸ್‌ನ ಗುಟ್ಟೇನು? ಮಾತಿನಲ್ಲಿ ಹೇಳಿದ ಅಳತೆ ಮರೆತುಹೋಗುತ್ತದೆಂಬ ಕಾರಣಕ್ಕೆ ಇಲ್ಲಿ ಅದನ್ನೆಲ್ಲ ಸಾವಕಾಶವಾಗಿ ಬರೆದಿದ್ದೇನೆ.

ಸಿಹಿಯೋ, ಖಾರವೋ?

ಬೇಕರಿಯ ಬನ್ನಿಗೂ ನಮ್ಮ ಬನ್ಸ್‌ಗೂ ಹೆಸರಿನ ನೆಂಟಸ್ತಿಕೆ ಮಾತ್ರ. ಬೇಕರಿಯ ಬನ್ನು ಯೀಸ್ಟ್‌ನಿಂದ ಉಬ್ಬಿ ಒಲೆಯ ಗೂಡಿನಲ್ಲಿ ಬೇಯುತ್ತದೆ. ನಮ್ಮದು ಬಾಳೆಹಣ್ಣು, ಮೊಸರು, ಮೈದಾಹಿಟ್ಟು ಕಲಸಿ, ಲಟ್ಟಿಸಿ, ಎಣ್ಣೆಯಲ್ಲಿ ಕರಿದದ್ದು. ಕರಾವಳಿಯ ಉಪಾಹಾರ ಗೃಹಗಳ ಪ್ರಸಿದ್ಧ ತಿಂಡಿಯಿದು. ಹೊರಗಿನವರು ಮಂಗಳೂರು ಬನ್ಸ್ ಎಂದೇ ಕರೆಯುತ್ತಾರೆ. ಘಟ್ಟ ಹತ್ತಿ ಬಂದ ಬನ್ಸ್ ಮಲೆನಾಡಿನ ಹೋಟೆಲುಗಳಲ್ಲೂ ಮನೆಗಳಲ್ಲೂ ತನ್ನದೇ ಜಾಗ ಮಾಡಿಕೊಂಡಿದೆ.

ಇದು ಸಿಹಿತಿಂಡಿಯೇ ಎಂದು ಕೇಳಿದರೆ ಹೌದೆನ್ನಲು ಬಾಯಿ ಬರುವುದಿಲ್ಲ. ಹಣ್ಣಿನ ಸಿಹಿಯಿದೆ, ಜೊತೆಗೆ ಉಪ್ಪಿದೆ, ಜೀರಿಗೆಯಿದೆ, ಮೊಸರಿನ ಸಣ್ಣ ಹುಳಿಯಿದೆ. ಅದರ ಪಕ್ಕಕ್ಕೆ ಬರುವುದು ಖಾರದ ಕಾಯಿಚಟ್ನಿ ಅಥವಾ ಸಾಂಬಾರು. ಬನ್ಸ್ ಮುರಿದಾಗ ಒಳಗೆ ಒಂದು ಪೊಳ್ಳು ಜಾಗ ಕಾಣುತ್ತದಲ್ಲ, ಮಕ್ಕಳು ಅದರೊಳಗೆ ಚಟ್ನಿ ತುಂಬಿ, ಮಡಚಿ ತಿನ್ನುತ್ತಾರೆ. ಹೊರಗೆ ಸಿಹಿ, ಒಳಗೆ ಖಾರ, ನಡುವೆ ಕರಿದ ಹಿಟ್ಟಿನ ಪರಿಮಳ. ಮೂರೂ ಒಂದೇ ತುತ್ತಿನಲ್ಲಿ ಬರಬೇಕು; ಬನ್ಸ್‌ನ ಸೊಗಸು ಇರುವುದೇ ಅಲ್ಲಿ.

ಇಂಥ ಜೋಡಿ ರುಚಿ ನಮಗೆ ಮಾತ್ರ ಹೊಳೆದದ್ದಲ್ಲ. ಅಮೆರಿಕದಲ್ಲಿ ಮಾಂಟೆ ಕ್ರಿಸ್ಟೊ ಎಂಬ ಸ್ಯಾಂಡ್‌ವಿಚ್ ಇದೆ. ಎರಡು ಬ್ರೆಡ್ ಹೋಳುಗಳ ನಡುವೆ ಹ್ಯಾಮ್, ಅಂದರೆ ಉಪ್ಪು ಹಾಕಿ ಹದಮಾಡಿದ ಹಂದಿಮಾಂಸದ ತೆಳು ಹಾಳೆ, ಜೊತೆಗೆ ಚೀಸ್ ಇಟ್ಟು, ಮೊಟ್ಟೆ ಬೆರೆಸಿದ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಮೇಲೆ ಸಕ್ಕರೆ ಪುಡಿ ಉದುರಿಸಿ ಹಣ್ಣಿನ ಜಾಮಿನೊಡನೆ ತಿನ್ನುತ್ತಾರೆ! ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 1966ರಲ್ಲಿ ತೆರೆದ ನ್ಯೂ ಆರ್ಲಿಯನ್ಸ್ ಚೌಕದ ಉಪಾಹಾರ ಗೃಹಗಳು ಇದಕ್ಕೆ ಹೆಸರುವಾಸಿ. ಫ್ರಾನ್ಸಿನ ಕ್ರೋಕ್ ಮಸ್ಯೂ ಎಂಬ ಹ್ಯಾಮ್-ಚೀಸ್ ಬ್ರೆಡ್ಡಿಗೆ ಇದು ನೆಂಟ. ಉಪ್ಪು ಮಾಂಸಕ್ಕೆ ಸಕ್ಕರೆ ಪುಡಿಯೇ ಎಂದು ನಾವು ಹುಬ್ಬೇರಿಸಬಹುದು. ಬಾಳೆಹಣ್ಣಿನ ತಿಂಡಿಗೆ ಹಸಿಮೆಣಸಿನ ಚಟ್ನಿಯೇ ಎಂದು ಅವರೂ ಹುಬ್ಬೇರಿಸಬಹುದು. ವಸ್ತುಗಳು ಬೇರೆ, ನಾಲಗೆ ಬಯಸುವ ಸುಖ ಒಂದೇ.

ಈ ಬಯಕೆ ನಮ್ಮಲ್ಲಿ ಮೈದಾಹಿಟ್ಟು ಬರುವುದಕ್ಕಿಂತ ಹಳೆಯದು. ಅನಾನಸಿನ ಮೆಣಸುಕಾಯಿಯಲ್ಲಿ ಬೆಲ್ಲ, ಹುಣಸೆ, ಮೆಣಸು ಮೂರೂ ಜಗಳವಾಡದೆ ಕೂಡಿಕೊಂಡಿರುತ್ತವೆ. ಕಾಡು ಮಾವಿನಹಣ್ಣಿನ ಸಾಸಿವೆಯೂ ಹಾಗೆಯೇ. ಹಲಸಿನ ಹಣ್ಣಿನ ಕಾಲದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಕೂಡಿಸಿ ಕರಿದ ಮುಳಕ ಮಾಡದ ಮನೆ ನಮ್ಮ ಕಡೆ ಅಪರೂಪ. ಹೆಚ್ಚಾಗಿ ಬಂದ ಹಣ್ಣನ್ನು ಹಿಟ್ಟಿಗೆ ಸೇರಿಸಿ ಕರಿಯುವ ಬುದ್ಧಿ ಹಿಂದಿನಿಂದಲೂ ಇತ್ತು. ಬನ್ಸ್ ಆ ಬುದ್ಧಿಗೆ ಗೋಧಿಯ ಹಿಟ್ಟು ದೊರಕಿದಾಗ ಆದದ್ದು.

ನನ್ನ ಮೊದಲ ಬನ್ಸ್

ನಾನು ಮದುವೆಯಾಗಿ ಬಂದ ಮೊದಲ ಮಳೆಗಾಲ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೊ ದ್ರಾವಣ ಹೊಡೆಯುವ ಕೆಲಸ ನಡೆದಿತ್ತು. ಮಳೆ ಎರಡು ಗಳಿಗೆ ಬಿಡುವು ಕೊಟ್ಟರೆ ಅಷ್ಟರಲ್ಲೇ ಮರ ಹತ್ತಿ ಮುಗಿಸಬೇಕಾದ ಕೆಲಸವದು. ಕೊನೆಗಾರರು ನಾಲ್ಕು ಜನ. ಹತ್ತು ಗಂಟೆಗೆ ಅವರಿಗೆ ಕಾಫಿ, ತಿಂಡಿ ಕೊಡಬೇಕು. ಅಟ್ಟದಲ್ಲಿ ಪುಟ್ಟಬಾಳೆ ಕಪ್ಪಾಗುತ್ತಿತ್ತು. ಬನ್ಸ್ ಮಾಡಿಬಿಡುತ್ತೇನೆಂದು ನಾನೇ ಮುಂದಾದೆ. ಒಂಬತ್ತು ಗಂಟೆಗೆ ಹಿಟ್ಟು ಕಲಸಿದೆ. ಅಂಟುತ್ತದೆಂದು ಇನ್ನೊಂದು ಲೋಟ ಮೈದಾ ಸುರಿದೆ. ಒಂಬತ್ತೂವರೆಗೆ ಬಾಣಲೆ ಇಟ್ಟೆ.

ಬನ್ಸ್ ಉಬ್ಬಲಿಲ್ಲ. ಹೊರಗೆ ಕಂದು ಬಣ್ಣ ಬಂತು, ಒಳಗೆ ಹಸಿ. ಇನ್ನೂ ಸ್ವಲ್ಪ ಬೇಯಲೆಂದು ಬಿಟ್ಟೆ, ಗಟ್ಟಿಯಾಯಿತು. ಕೊನೆಗಾರರಲ್ಲಿ ಹಿರಿಯನಾದವನು ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಅಮ್ಮಾ, ಇದು ಬನ್ಸಾ, ಗೋಟಡಿಕೆಯಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಹೋಗಿ ಕಣ್ಣೊರೆಸಿಕೊಂಡದ್ದೂ ನಿಜ. ಮರ ಹತ್ತಿ ಇಳಿದು, ಮೈಯೆಲ್ಲ ನೆನೆದು ಬಂದವರ ಮುಂದೆ ತಿನ್ನಲಾರದ ತಿಂಡಿ ಇಟ್ಟೆನಲ್ಲ ಎಂಬ ನಾಚಿಕೆ ಅದು. ಅತ್ತೆ ಬೈಯಲಿಲ್ಲ. ಅವಲಕ್ಕಿ ಕಲಸಿ ಕೊಟ್ಟು ಅವರನ್ನು ಕಳಿಸಿದ ಮೇಲೆ, "ಹೊಟ್ಟಿಗಲ್ಲ, ಹಿಟ್ಟಿಗೆ ಅರ್ಜೆಂಟ್ ಮಾಡ್ಬಾರ್ದು ಮಾರಾಯ್ತಿ. ಅದಕ್ಕೂ ಸ್ವಲ್ಪ ಮಲ್ಗಕ್ಕೆ ಬಿಡು" ಎಂದರು. ಅಂದು ಸಂಜೆ ಅವರೇ ನನ್ನಿಂದ ಹಿಟ್ಟು ಕಲಸಿಸಿ, ರಾತ್ರಿಯೆಲ್ಲ ಮುಚ್ಚಿಡಿಸಿದರು. ಮರುದಿನ ಹತ್ತು ಗಂಟೆಗೆ ಬಾಣಲೆಯಲ್ಲಿ ಬಿಟ್ಟ ಮೊದಲ ಬನ್ಸ್ ಗುಮ್ಮೆಂದು ಉಬ್ಬಿತು. ಹಣ್ಣು ಅದೇ, ಮೈದಾ ಅದೇ, ಬಾಣಲೆಯೂ ಅದೇ. ವ್ಯತ್ಯಾಸ ಇದ್ದದ್ದು ಕಾಲದಲ್ಲಿ ಮತ್ತು ಕಾವಿನಲ್ಲಿ.

ಹಣ್ಣಿನೊಳಗೆ ನಡೆಯುವುದೇನು?

ಬಲಿತ ಬಾಳೆಕಾಯಿಯ ತಿರುಳಿನಲ್ಲಿ ಸುಮಾರು ಶೇಕಡ 20ರಷ್ಟು ಪಿಷ್ಟವಿರುತ್ತದೆ. ಕಾಯಿ ಹಣ್ಣಾಗುವಾಗ ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುತ್ತವೆ. ಚೆನ್ನಾಗಿ ಕಳಿತ ಹಣ್ಣಿನಲ್ಲಿ ಪಿಷ್ಟ ಉಳಿಯುವುದು ಶೇಕಡ ಒಂದೆರಡರಷ್ಟು ಮಾತ್ರ. ಹಣ್ಣಾಗುವ ಬಾಳೆ ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತದೆ. ಆ ಅನಿಲ ಪಕ್ಕದ ಕಾಯಿಯನ್ನೂ ಹಣ್ಣಾಗಿಸುತ್ತದೆ. ಅಟ್ಟದ ಗೊನೆ ಒಂದೇ ಸಲಕ್ಕೆ ಹಣ್ಣಾಗುವುದರ ಕಾರಣ ಇದು. ಸ್ವಲ್ಪ ದಿನ ತಡೆಯಬೇಕೆಂದರೆ ಮೊದಲು ಹಣ್ಣಾದ ಚಿಪ್ಪನ್ನು ಕೊಯ್ದು ಬೇರೆ ಕಡೆ ಇಡಬೇಕು.

ಬನ್ಸ್‌ಗೆ ಬೇಕಾದದ್ದು ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ತುಂಬಿದ, ಬೆರಳಿನಲ್ಲಿ ಒತ್ತಿದರೆ ಕುಸಿಯುವ ಹಣ್ಣು. ತಿನ್ನಲು ಯಾರೂ ಮುಟ್ಟದ ಹಣ್ಣೇ ಇಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಅರೆಹಣ್ಣನ್ನು ಹಾಕಿದರೆ ಸಿಹಿಯೂ ಕಡಿಮೆ, ಗಂಟೂ ಉಳಿಯುತ್ತದೆ. ಆದರೆ ಕಳಿತದ್ದಕ್ಕೂ ಕೊಳೆತದ್ದಕ್ಕೂ ಗೆರೆಯಿದೆ. ಹೆಂಡದ ಹಾಗೆ ಹುಳಿ ವಾಸನೆ ಬಂದ, ತಿರುಳು ನೀರಾದ, ಬೂಸ್ಟು ಹಿಡಿದ ಹಣ್ಣನ್ನು ಬಳಸಬಾರದು. ಪುಟ್ಟಬಾಳೆ, ಮೈಸೂರುಬಾಳೆ, ಪಚ್ಚಬಾಳೆ ಮೂರೂ ಆಗುತ್ತವೆ. ಪುಟ್ಟಬಾಳೆಯಲ್ಲಿ ಸಣ್ಣ ಹುಳಿ ಇರುವುದರಿಂದ ಮೊಸರನ್ನು ಒಂದು ಚಮಚ ಕಡಿಮೆ ಮಾಡಬಹುದು.

ಬೇಕಾಗುವ ಸಾಮಗ್ರಿ

ಸುಮಾರು ಹನ್ನೆರಡು ಬನ್ಸ್‌ಗೆ:

ಚೆನ್ನಾಗಿ ಕಳಿತ ಪುಟ್ಟಬಾಳೆ 4 ಅಥವಾ 5, ಪಚ್ಚಬಾಳೆಯಾದರೆ ದೊಡ್ಡವು 2 (ತಿರುಳು ಸುಮಾರು 200 ಗ್ರಾಂ)
ಸಕ್ಕರೆ 2 ದೊಡ್ಡ ಚಮಚ
ಹುಳಿ ಮೊಸರು ಕಾಲು ಲೋಟ
ಮೈದಾಹಿಟ್ಟು 300 ಗ್ರಾಂ (ಸುಮಾರು ಎರಡೂವರೆ ಲೋಟ)
ಉಪ್ಪು ಅರ್ಧ ಚಿಕ್ಕ ಚಮಚ
ಜೀರಿಗೆ 1 ಚಿಕ್ಕ ಚಮಚ
ಅಡಿಗೆ ಸೋಡಾ ಕಾಲು ಚಿಕ್ಕ ಚಮಚ
ತುಪ್ಪ 1 ಚಿಕ್ಕ ಚಮಚ
ಕರಿಯಲು ಎಣ್ಣೆ

ಇಲ್ಲಿ ಲೋಟವೆಂದರೆ 200 ಮಿಲಿಲೀಟರ್ ಹಿಡಿಯುವಂಥದ್ದು. ನೀರು ಬೇಡವೇ ಬೇಡ. ಹಣ್ಣಿನಲ್ಲಿ ಮುಕ್ಕಾಲು ಭಾಗ ನೀರೇ ಇದೆ, ಮೊಸರಿನಲ್ಲೂ ಇದೆ. ಮೈದಾ ಬೇಡವೆನ್ನುವವರು ಅರ್ಧ ಮೈದಾ, ಅರ್ಧ ಗೋಧಿಹಿಟ್ಟು ಬಳಸಬಹುದು. ಪೂರ್ತಿ ಗೋಧಿಹಿಟ್ಟಿನಲ್ಲೂ ಆಗುತ್ತದೆ, ರುಚಿಯೂ ಇರುತ್ತದೆ. ಒಳಗಿನ ಮೃದುತನ ಮಾತ್ರ ಸ್ವಲ್ಪ ಕಡಿಮೆ.

ಕಲಸುವುದು, ಕಾಯುವುದು

ಸಿಪ್ಪೆ ತೆಗೆದ ಹಣ್ಣಿಗೆ ಸಕ್ಕರೆ ಹಾಕಿ ಕೈಯಿಂದ ಚೆನ್ನಾಗಿ ಕಿವುಚಬೇಕು. ಸಕ್ಕರೆ ಕರಗಿ, ಗಂಟಿಲ್ಲದೆ ಪಾಯಸದ ಹಾಗಾಗಬೇಕು. ಅನಂತರ ಮೊಸರು, ಉಪ್ಪು, ಜೀರಿಗೆ, ಸೋಡಾ ಸೇರಿಸಿ ಕದಡಬೇಕು. ಮೈದಾವನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಕಲಸಬೇಕು. ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು, ಕೈಗೆ ಸ್ವಲ್ಪ ಅಂಟಬೇಕು. ಹೊಸಬರು ತಪ್ಪುವುದು ಇಲ್ಲಿಯೇ. ಅಂಟುತ್ತದೆಂದು ಹೆದರಿ ಮೈದಾ ಸುರಿಯುತ್ತಾ ಹೋದರೆ ಹಿಟ್ಟು ಬಿಗಿಯಾಗುತ್ತದೆ. ಬಿಗಿಯಾದ ಹಿಟ್ಟು ಉಬ್ಬಲಾರದು. ಕೊನೆಯಲ್ಲಿ ತುಪ್ಪ ಸವರಿ ಎರಡು ನಿಮಿಷ ನಾದಿ, ಪಾತ್ರೆಗೆ ಹಾಕಿ, ಒದ್ದೆ ಬಟ್ಟೆಯ ಮೇಲೊಂದು ತಟ್ಟೆ ಮುಚ್ಚಿಡಬೇಕು.

ಎಷ್ಟು ಹೊತ್ತು? ಬೇಸಿಗೆಯಲ್ಲಿ ನಾಲ್ಕು ಗಂಟೆ ಸಾಕು. ಮಲೆನಾಡಿನ ಮಳೆಗಾಲದ ತಣ್ಣನೆಯ ಅಡುಗೆಮನೆಯಲ್ಲಿ ಏಳೆಂಟು ಗಂಟೆ ಬೇಕು. ರಾತ್ರಿ ಊಟವಾದ ಮೇಲೆ ಕಲಸಿಟ್ಟರೆ ಬೆಳಗಿನ ತಿಂಡಿಗೆ ಸರಿಯಾಗುತ್ತದೆ.

ಈ ಹೊತ್ತಿನಲ್ಲಿ ಹಿಟ್ಟಿನೊಳಗೆ ಸದ್ದಿಲ್ಲದೆ ಮೂರು ಕೆಲಸ ನಡೆಯುತ್ತವೆ. ಮೊದಲನೆಯದು, ಮೈದಾದ ಕಣಕಣವೂ ಹಣ್ಣಿನ ನೀರನ್ನು ಹೀರಿಕೊಳ್ಳುತ್ತದೆ. ಸಂಜೆ ಅಂಟುತ್ತಿದ್ದ ಹಿಟ್ಟು ಬೆಳಗಾಗುವಾಗ ಕೈಗೆ ಹದವಾಗಿರುವುದು ಅದರಿಂದ. ಎರಡನೆಯದು, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಜಿಗುಟು ಸಾರಜನಕ ಪದಾರ್ಥ ನಾದಿದಾಗ ರಬ್ಬರಿನ ಎಳೆಗಳ ಹಾಗೆ ಬಿಗಿದುಕೊಂಡಿರುತ್ತದೆ. ಸುಮ್ಮನೆ ಬಿಟ್ಟರೆ ಸಡಿಲವಾಗುತ್ತದೆ. ಸಡಿಲವಾದ ಹಿಟ್ಟು ಲಟ್ಟಿಸಿದರೆ ಹಿಂದಕ್ಕೆ ಸೆಳೆಯುವುದಿಲ್ಲ, ಒಳಗಿನ ಹಬೆ ತಳ್ಳಿದಾಗ ಹರಿಯದೆ ಹಿಗ್ಗುತ್ತದೆ. ಮೂರನೆಯದು, ಮೊಸರಿನ ಹುಳಿ ಸೋಡಾದೊಡನೆ ಕೂಡಿ ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ಬಿಡುಗಡೆ ಮಾಡುತ್ತದೆ. ಆ ಸಣ್ಣ ಗುಳ್ಳೆಗಳು ಹಿಟ್ಟಿನಲ್ಲಿ ಸಿಕ್ಕಿಕೊಂಡು ಅದನ್ನು ಹಗುರಗೊಳಿಸುತ್ತವೆ.

ಸೋಡಾ ಹೆಚ್ಚು ಹಾಕಿದರೆ ಹೆಚ್ಚು ಉಬ್ಬುವುದೆಂಬುದು ತಪ್ಪು ತಿಳಿವಳಿಕೆ. ಹುಳಿಗೆ ಮೀರಿದ ಸೋಡಾ ಹಾಗೆಯೇ ಉಳಿದು, ಎಣ್ಣೆಯ ಕಾವಿಗೆ ಬಟ್ಟೆ ಒಗೆಯುವ ಸೋಡಾದಂಥ ಕ್ಷಾರವಾಗುತ್ತದೆ. ಆಗ ಬನ್ಸ್‌ಗೆ ಸಾಬೂನಿನ ರುಚಿ ಬರುತ್ತದೆ, ಬಣ್ಣ ಕೆಂಪಾಗುತ್ತದೆ, ಎಣ್ಣೆಯನ್ನೂ ಹೆಚ್ಚು ಹೀರುತ್ತದೆ. ಕಾಲು ಚಮಚದ ಗೆರೆ ದಾಟಬಾರದು.

ಲಟ್ಟಿಸುವುದು, ಕರಿಯುವುದು

ಹಿಟ್ಟನ್ನು ಮತ್ತೆ ಹೆಚ್ಚು ನಾದದೆ, ಕೈಗೆ ಎಣ್ಣೆ ಸವರಿಕೊಂಡು ದೊಡ್ಡ ನಿಂಬೆಹಣ್ಣಿನ ಗಾತ್ರದ ಹನ್ನೆರಡು ಉಂಡೆ ಮಾಡಬೇಕು. ಮೈದಾ ಉದುರಿಸಿದ ಮಣೆಯ ಮೇಲೆ ಮೂರೂವರೆ ಅಂಗುಲ ಅಗಲಕ್ಕೆ, ಕಾಲು ಅಂಗುಲಕ್ಕೆ ಸ್ವಲ್ಪ ಕಡಿಮೆ ದಪ್ಪಕ್ಕೆ ಲಟ್ಟಿಸಬೇಕು. ಪೂರಿಯಷ್ಟು ತೆಳುವಾದರೆ ಗರಿಗರಿಯಾಗಿ ಹಪ್ಪಳದಂತಾಗುತ್ತದೆ. ಹೆಚ್ಚು ದಪ್ಪವಾದರೆ ನಡುವೆ ಹಸಿ ಉಳಿಯುತ್ತದೆ. ಅಂಚೂ ನಡುವೂ ಒಂದೇ ದಪ್ಪ ಇರಬೇಕು. ಮೇಲೆ ಉಳಿದ ಒಣ ಹಿಟ್ಟನ್ನು ಕೊಡವಿಬಿಡಬೇಕು. ಇಲ್ಲವಾದರೆ ಅದು ಎಣ್ಣೆಯಲ್ಲಿ ಸೀದು ಕಪ್ಪು ಚುಕ್ಕೆಯಾಗುತ್ತದೆ.

ಇನ್ನು ಎಣ್ಣೆಯ ಕಾವು. ಅಳೆಯುವ ಉಪಕರಣವಿದ್ದವರಿಗೆ 170ರಿಂದ 180 ಡಿಗ್ರಿ ಸೆಲ್ಸಿಯಸ್. ನಮ್ಮ ನಿಮ್ಮಂಥವರಿಗೆ ಸಾಸಿವೆ ಗಾತ್ರದ ಹಿಟ್ಟೇ ಉಪಕರಣ. ಹಾಕಿದ ಹಿಟ್ಟು ತಳದಲ್ಲೇ ಕುಳಿತರೆ ಎಣ್ಣೆ ಕಾದಿಲ್ಲ. ಹಾಕಿದೊಡನೆ ಮೇಲೆದ್ದು ಕ್ಷಣದಲ್ಲೇ ಕಂದಾದರೆ ಹೆಚ್ಚು ಕಾದಿದೆ. ತಳ ಮುಟ್ಟಿ, ಗುಳ್ಳೆ ಬಿಡುತ್ತಾ ಸಾವಕಾಶವಾಗಿ ಮೇಲೆದ್ದರೆ ಹದ.

ಒಂದೊಂದೇ ಬನ್ಸ್ ಬಿಡಿ. ಅದು ಮೇಲೆದ್ದು ಬರುವಾಗ ಸೌಟಿನ ಬೆನ್ನಿನಿಂದ ಮೃದುವಾಗಿ ಒತ್ತಿ, ಬಿಸಿ ಎಣ್ಣೆಯನ್ನು ಅದರ ಮೇಲೆ ಹಾಯಿಸಬೇಕು. ಹೀಗೆ ಮಾಡಿದರೆ ಕೆಳಮೈ ಮೇಲ್ಮೈ ಎರಡೂ ಬೇಗ ಗಟ್ಟಿಯಾಗುತ್ತವೆ. ನಡುವಿನ ಹಿಟ್ಟಿನಲ್ಲಿರುವ ನೀರು ಹಬೆಯಾಗುತ್ತದೆ. ನೀರು ಹಬೆಯಾದಾಗ ಮೂಲದ ಸಾವಿರದ ಆರುನೂರು ಪಾಲಿನಷ್ಟು ಹಿಗ್ಗುತ್ತದೆ! ಹೊರಗೆ ಹೋಗಲು ದಾರಿಯಿಲ್ಲದ ಆ ಹಬೆ ಎರಡು ಪದರಗಳನ್ನು ದೂರ ತಳ್ಳುತ್ತದೆ, ಬನ್ಸ್ ಉಬ್ಬುತ್ತದೆ. ಲಟ್ಟಿಸುವಾಗ ಎಲ್ಲಾದರೂ ಹರಿದಿದ್ದರೆ ಹಬೆ ಅಲ್ಲಿಂದ ಜಾರಿಕೊಳ್ಳುತ್ತದೆ, ಬನ್ಸ್ ಚಪ್ಪಟೆಯಾಗಿಯೇ ಉಳಿಯುತ್ತದೆ.

ಉಬ್ಬಿದ ಮೇಲೆ ಉರಿಯನ್ನು ಮಧ್ಯಮಕ್ಕೆ ಇಳಿಸಿ, ತಿರುವಿ ಹಾಕಿ, ಎರಡೂ ಕಡೆ ಸೇರಿ ಎರಡು ನಿಮಿಷದವರೆಗೆ ಬೇಯಿಸಬೇಕು. ಸಕ್ಕರೆ ಮತ್ತು ಹಿಟ್ಟಿನ ಸಾರಜನಕ ಪದಾರ್ಥ ಕಾವಿನಲ್ಲಿ ಕೂಡಿದಾಗ ಜೇನುಕಂದು ಬಣ್ಣವೂ ಆ ವಿಶಿಷ್ಟ ಪರಿಮಳವೂ ಹುಟ್ಟುತ್ತವೆ. ಹಣ್ಣಿನ ಸಕ್ಕರೆ ಇರುವುದರಿಂದ ಬನ್ಸ್‌ಗೆ ಪೂರಿಗಿಂತ ಬೇಗ ಬಣ್ಣ ಬರುತ್ತದೆ. ಬಣ್ಣ ನೋಡಿ ಬೆಂದಿತೆಂದು ಮೋಸಹೋಗಬಾರದು. ಸಕ್ಕರೆಯನ್ನು ಎರಡು ಚಮಚಕ್ಕೆ ನಿಲ್ಲಿಸಿದ್ದೂ ಇದೇ ಕಾರಣಕ್ಕೆ. ಹೆಚ್ಚಾದರೆ ಒಳಗೆ ಬೇಯುವ ಮೊದಲೇ ಹೊರಗೆ ಕರಿಯಾಗುತ್ತದೆ. ಮೊದಲನೆಯದನ್ನು ಮುರಿದು ನೋಡಿ, ಉಳಿದವುಗಳಿಗೆ ಉರಿ ಸರಿಪಡಿಸಿಕೊಳ್ಳಿ.

ಜೊತೆಗೆ ಚಟ್ನಿ

ಬನ್ಸ್‌ನ ಸಿಹಿ ಎದ್ದು ಕಾಣಬೇಕಾದರೆ ಎದುರಿಗೆ ಖಾರ ಇರಬೇಕು. ಒಂದು ಲೋಟ ತೆಂಗಿನಕಾಯಿ ತುರಿ, ನಾಲ್ಕು ಹಸಿಮೆಣಸಿನಕಾಯಿ, ಅರ್ಧ ಅಂಗುಲ ಹಸಿಶುಂಠಿ, ಸ್ವಲ್ಪ ಹುಣಸೆಹಣ್ಣು, ರುಚಿಗೆ ಉಪ್ಪು ಹಾಕಿ ಗಟ್ಟಿಯಾಗಿ ರುಬ್ಬಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ಸಾಕು. ಹಿತ್ತಿಲಿನಲ್ಲಿ ಸೂಜಿಮೆಣಸು ಇದ್ದವರು ಅದನ್ನೇ ಹಾಕಬಹುದು, ಆದರೆ ಎಣಿಸಿ ಹಾಕಬೇಕು! ಬನ್ಸ್‌ನೊಳಗೆ ತುಂಬಿ ತಿನ್ನುವುದಾದರೆ ಚಟ್ನಿ ನೀರಾಗಿರಬಾರದು.

ಸಿಹಿ ಮತ್ತು ಖಾರ ಒಂದನ್ನೊಂದು ಕೆಡಿಸದೆ ಹೇಗೆ ಎತ್ತಿಹಿಡಿಯುತ್ತವೆ? ಹಿಟ್ಟಿಗೆ ಹಾಕಿದ ಸಣ್ಣ ಪ್ರಮಾಣದ ಉಪ್ಪು ಕಹಿಯನ್ನು ಅಡಗಿಸಿ ಸಿಹಿಯನ್ನು ಮುಂದೆ ತರುತ್ತದೆ. ಮೆಣಸಿನ ಖಾರವಾದರೋ ನಿಜದಲ್ಲಿ ರುಚಿಯಲ್ಲ, ಉರಿ. ಸಕ್ಕರೆ ಆ ಉರಿಯನ್ನು ತಣಿಸುತ್ತದೆ. ತೆಂಗಿನಕಾಯಿಯ ಜಿಡ್ಡಿನಲ್ಲಿ ಮೆಣಸಿನ ಖಾರ ಕರಗಿ ಹರಡುವುದರಿಂದ ನಾಲಗೆಯ ಒಂದೇ ಜಾಗ ಚುರುಗುಟ್ಟುವುದಿಲ್ಲ. ಒಂದು ತುತ್ತು ಸಿಹಿಯಾಗಿ ಆರಂಭವಾಗಿ ಖಾರವಾಗಿ ಮುಗಿಯುತ್ತದೆ; ಆ ಖಾರವೇ ಮುಂದಿನ ಸಿಹಿ ತುತ್ತನ್ನು ಕೇಳುತ್ತದೆ. ಬರಿಯ ಸಿಹಿತಿಂಡಿ ಎರಡಕ್ಕೆ ಸಾಕೆನಿಸಿದರೆ ಬನ್ಸ್ ನಾಲ್ಕನೆಯದಕ್ಕೂ ಬೇಡವೆನಿಸದಿರುವುದು ಅದಕ್ಕೇ.

ಮಕ್ಕಳ ಶಾಲೆಯ ಡಬ್ಬಿಗೆ ಕೊಡುವುದಾದರೆ ಇನ್ನೊಂದು ಬಗೆಯಿದೆ. ಬನ್ಸ್‌ನ ಅಂಚನ್ನು ಚಾಕುವಿನಿಂದ ಅರ್ಧ ಸೀಳಿ, ಒಳಗೆ ಗಟ್ಟಿ ಚಟ್ನಿ ಸವರಿ, ಆಲೂಗಡ್ಡೆಯ ಪಲ್ಯ ತುಂಬಬೇಕು. ಇಷ್ಟವಿದ್ದವರು ಒಂದು ಚೀಸ್ ಹಾಳೆಯನ್ನೂ ಇಡಬಹುದು. ಬಿಸಿ ಇರುವಾಗಲೇ ಇಟ್ಟರೆ ಅದು ತಾನಾಗಿ ಕರಗುತ್ತದೆ. ಮೊದಲು ಹೇಳಿದ ಅಮೆರಿಕದ ಸ್ಯಾಂಡ್‌ವಿಚ್ಚಿನ ಸುಖ ನಮ್ಮ ಬಾಳೆಯಿಂದಲೇ ದೊರೆತಂತಾಯಿತು.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಬನ್ಸ್ ಎಣ್ಣೆ ಕುಡಿಯುವುದೇಕೆ? ಮುಖ್ಯ ಕಾರಣ ಎಣ್ಣೆ ಸಾಕಷ್ಟು ಕಾಯದಿರುವುದು. ಕಾದ ಎಣ್ಣೆಯಲ್ಲಿ ಹಬೆ ಒಳಗಿನಿಂದ ಹೊರಕ್ಕೆ ನುಗ್ಗುತ್ತಿರುವಾಗ ಎಣ್ಣೆ ಒಳಕ್ಕೆ ಹೋಗಲಾರದು. ಕಾವು ಕಡಿಮೆಯಾದರೆ ಹಬೆಯ ಆ ಒತ್ತಡ ಇರುವುದಿಲ್ಲ, ಮೇಲ್ಮೈ ಬೇಗ ಗಟ್ಟಿಯಾಗುವುದಿಲ್ಲ. ಒಟ್ಟಿಗೆ ನಾಲ್ಕೈದು ಬನ್ಸ್ ಹಾಕಿದರೂ ಎಣ್ಣೆ ತಣ್ಣಗಾಗಿ ಹೀಗೇ ಆಗುತ್ತದೆ. ಸೋಡಾ ಹೆಚ್ಚಾದದ್ದು ಇನ್ನೊಂದು ಕಾರಣ.

ಬೆಳಿಗ್ಗೆ ನೋಡಿದರೆ ಹಿಟ್ಟು ನೀರಾಗಿದೆ, ಏನು ಮಾಡಬೇಕು? ಹಣ್ಣು ದೊಡ್ಡದಿದ್ದಿರಬೇಕು ಅಥವಾ ಮೊಸರು ನೀರಾಗಿದ್ದಿರಬೇಕು. ಎರಡು ಮೂರು ಚಮಚ ಮೈದಾ ಸೇರಿಸಿ, ಮೃದುವಾಗಿ ಕಲಸಿ, ಅರ್ಧ ಗಂಟೆ ಬಿಟ್ಟು ಲಟ್ಟಿಸಬೇಕು. ಸೇರಿಸಿದೊಡನೆ ಕರಿದರೆ ಪ್ರಯೋಜನವಿಲ್ಲ.

ಎಷ್ಟು ದಿನ ಇಡಬಹುದು? ಹಣ್ಣಿನ ಸಕ್ಕರೆ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬನ್ಸ್ ಮರುದಿನವೂ ಮೆತ್ತಗಿರುತ್ತದೆ. ಅದೇ ತೇವದಿಂದಾಗಿ ಮಳೆಗಾಲದಲ್ಲಿ ಬೂಸ್ಟೂ ಬೇಗ ಬರುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ, ಮರುದಿನದೊಳಗೆ ಮುಗಿಸುವುದು ಒಳ್ಳೆಯದು.

ಹಣ್ಣು ತುಂಬಾ ಇದೆ, ಎಲ್ಲಕ್ಕೂ ಬನ್ಸ್ ಮಾಡಲಾಗದು. ಫ್ರಿಜ್ ಇದ್ದವರು ತಿರುಳನ್ನು ಸಕ್ಕರೆಯೊಡನೆ ಕಿವುಚಿ, ಒಂದು ಸಲಕ್ಕೆ ಬೇಕಾದಷ್ಟನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ, ಮಂಜುಗಟ್ಟುವ ಭಾಗದಲ್ಲಿ ಇಡಬಹುದು. ಬಣ್ಣ ಕಪ್ಪಾದರೂ ರುಚಿ ಕೆಡುವುದಿಲ್ಲ.

ಎಚ್ಚರಿಕೆಯ ಮಾತು

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ನಮ್ಮ ಮನೆಗಳ ಹಳೆಯ ಅಭ್ಯಾಸ. ಹಾಗೆ ಕಾದ ಎಣ್ಣೆ ಒಡೆದು ಅಪಾಯಕಾರಿ ಪದಾರ್ಥಗಳು ಹುಟ್ಟುತ್ತವೆ. ಇವುಗಳ ಪ್ರಮಾಣ ಶೇಕಡ 25 ದಾಟಿದ ಎಣ್ಣೆಯನ್ನು ಆಹಾರ ತಯಾರಿಸುವವರು ಬಳಸಕೂಡದೆಂಬ ಕೇಂದ್ರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯಲಾಗದು; ಬಣ್ಣ ಕಪ್ಪಾದ, ನೊರೆ ಬರುವ, ಬೇಗ ಹೊಗೆಯಾಡುವ ಎಣ್ಣೆಯನ್ನು ಬಿಟ್ಟುಬಿಡಬೇಕು. ಚಿಕ್ಕ, ಆಳವಾದ ಬಾಣಲೆಯಲ್ಲಿ ಸ್ವಲ್ಪವೇ ಎಣ್ಣೆ ಇಟ್ಟು ಒಂದೊಂದೇ ಕರಿದರೆ ಉಳಿಯುವ ಎಣ್ಣೆಯೂ ಕಡಿಮೆ. ಉಳಿದದ್ದನ್ನು ಸೋಸಿಟ್ಟು ಒಂದೆರಡು ದಿನದೊಳಗೆ ಒಗ್ಗರಣೆಗೆ ಮುಗಿಸಬಹುದು.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಉರಿಯನ್ನು ಆರಿಸಿ, ಬಾಣಲೆಯ ಮೇಲೆ ತಟ್ಟೆ ಮುಚ್ಚಿ, ಆರುವವರೆಗೆ ಮುಟ್ಟದೆ ಬಿಡಬೇಕು. ಮಳೆಗಾಲದಲ್ಲಿ ಒದ್ದೆ ಕೈ, ಒದ್ದೆ ಸೌಟು ಎಣ್ಣೆಯ ಹತ್ತಿರ ಬಾರದಂತೆ ನೋಡಿಕೊಳ್ಳಬೇಕು.

ಸಕ್ಕರೆ ಕಾಯಿಲೆ ಇರುವವರಿಗೆ ಇದು ದಿನದ ತಿಂಡಿಯಲ್ಲ. ಮೈದಾ, ಕಳಿತ ಹಣ್ಣು, ಸಕ್ಕರೆ ಮೂರೂ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತವೆ. ಹಾಕುವ ಸಕ್ಕರೆಯನ್ನು ಬಿಟ್ಟು, ಗೋಧಿಹಿಟ್ಟಿನಲ್ಲಿ ಮಾಡಿ, ಎಂದಾದರೊಮ್ಮೆ ಒಂದು ತಿಂದು ಸುಮ್ಮನಾಗುವುದು ಮೇಲು.

ಕೊನೆಯಲ್ಲಿ

ವೀಕ್ಷಕರೇ, ಈ ತಿಂಡಿಯಲ್ಲಿ ದುಬಾರಿಯಾದದ್ದು ಏನೂ ಇಲ್ಲ. ಬಿದ್ದ ಬಾಳೆಯ ಹಣ್ಣು, ಹುಳಿಯಾದ ಮೊಸರು ಎರಡೂ ಎಸೆಯುವ ಹಾದಿಯಲ್ಲಿದ್ದ ವಸ್ತುಗಳು. ಅವನ್ನು ತಿನ್ನುವಂತೆ ಮಾಡುವುದು ಒಂದು ರಾತ್ರಿಯ ತಾಳ್ಮೆ ಮತ್ತು ಹದವಾದ ಕಾವು. ಅಳತೆಯಲ್ಲಿ ಒಂದು ಚಮಚ ಆಚೀಚೆಯಾದರೆ ನಡೆಯುತ್ತದೆ. ಈ ಎರಡರಲ್ಲಿ ಆಚೀಚೆಯಾದರೆ ನಡೆಯುವುದಿಲ್ಲ.

ನಮ್ಮ ಅತ್ತೆ ಈಗಿಲ್ಲ. ಪ್ರತಿ ಮಳೆಗಾಲದಲ್ಲೂ ತೋಟಕ್ಕೆ ಔಷಧಿ ಹೊಡೆಯುವ ಹಿಂದಿನ ರಾತ್ರಿ ನಾನು ಹಿಟ್ಟು ಕಲಸಿ, ಒದ್ದೆ ಬಟ್ಟೆ ಮುಚ್ಚಿಟ್ಟು ಮಲಗುತ್ತೇನೆ. ಅಂದು ಗೋಟಡಿಕೆ ಎಂದು ನಕ್ಕವನ ಮಗ ಈಗ ಮರ ಹತ್ತುತ್ತಾನೆ. ಹತ್ತು ಗಂಟೆಗೆ ಜಗಲಿಯಲ್ಲಿ ಕುಳಿತು, ಬನ್ಸ್‌ನ ಹೊಟ್ಟೆ ಸೀಳಿ ಚಟ್ನಿ ತುಂಬಿಕೊಂಡು, "ಅಮ್ಮಾ, ಇನ್ನೊಂದು ಉಂಟಾ?" ಎಂದು ಕೇಳುತ್ತಾನೆ. ನಿಮ್ಮ ಮನೆಯ ಅಟ್ಟದಲ್ಲೂ ಬಾಳೆಹಣ್ಣು ಕಪ್ಪಾಗುತ್ತಿದ್ದರೆ ಇವತ್ತು ರಾತ್ರಿಯೇ ಹಿಟ್ಟು ಕಲಸಿಡಿ. ಬೆಳಿಗ್ಗೆ ಅದು ಉಬ್ಬುವುದನ್ನು ನೀವೇ ನೋಡುವಿರಂತೆ.